ಓದುಗರ ಪ್ರಶ್ನೆ: ಭೂಮಿಯನ್ನು ಬಿಟ್ಟು ಬೇರೆ ಲೋಕದಲ್ಲಿ ನೆಲೆಸಬಹುದೇ?

ಪ್ರಶ್ನೆ: ಮಂಗಳ ಗ್ರಹದಲ್ಲಿ ಜನವಸತಿ ಕಟ್ಟುವ ಮಾತು ಈಗ ಎಲ್ಲೆಡೆ ಕೇಳಿಬರುತ್ತಿದೆ. ನಿಮಗೇ ಆ ಅವಕಾಶ ದೊರೆತರೆ ಭೂಮಿಯನ್ನು ಬಿಟ್ಟು ಅಲ್ಲಿ ಶಾಶ್ವತವಾಗಿ ನೆಲೆಸಲು ಒಪ್ಪುವಿರಾ?

ಉತ್ತರ: ಹೋಗಿ ನೋಡಿ ಬಾ ಎಂದರೆ ಹೊರಟೇನು, ಅಲ್ಲಿಯೇ ಇದ್ದುಬಿಡು ಎಂದರೆ ಒಪ್ಪಲಾರೆ. ದಾರಿಯ ಕಷ್ಟಕ್ಕೆ ಅಂಜಿ ಹೀಗೆ ಹೇಳುತ್ತಿಲ್ಲ. ಈಗಿನ ರಾಕೆಟ್‌ಗಳಲ್ಲಿ ಮಂಗಳಕ್ಕೆ ಆರರಿಂದ ಒಂಬತ್ತು ತಿಂಗಳ ಪ್ರಯಾಣ. ಅದಕ್ಕಿಂತ ಹೆಚ್ಚು ಕಾಲ ಬಾಹ್ಯಾಕಾಶದಲ್ಲಿದ್ದು ಬಂದವರಿದ್ದಾರೆ; ರಷ್ಯದ ವಲೇರಿ ಪೊಲ್ಯಾಕೊವ್ 1994–95ರಲ್ಲಿ ಮಿರ್ ನಿಲ್ದಾಣದಲ್ಲಿ ಒಂದೇ ಸಲಕ್ಕೆ 437 ದಿನಗಳನ್ನು ಕಳೆದರು. ನನ್ನನ್ನು ತಡೆಯುವುದು ತಲುಪಿದ ಮೇಲಿನ ಬದುಕು, ಅದರಲ್ಲಿಯೂ ಉಸಿರಾಟದ ಪ್ರಶ್ನೆ.

ಮನುಷ್ಯರು ಸಾವಿರಾರು ವರ್ಷಗಳಿಂದ ವಲಸೆ ಹೋಗುತ್ತಲೇ ಬಂದಿದ್ದಾರೆ, ಇದೂ ಅಂಥದೇ ಇನ್ನೊಂದು ವಲಸೆ ಎಂದು ಹಲವರು ವಾದಿಸುತ್ತಾರೆ. ಆದರೆ ಮರಳುಗಾಡಿಗೆ ಹೋದವರಿಗೂ ಹಿಮದ ನಾಡಿಗೆ ಹೋದವರಿಗೂ ಗಾಳಿಯೊಂದು ಮಾತ್ರ ಯಾರ ಅಪ್ಪಣೆಯೂ ಇಲ್ಲದೆ ಸಿಕ್ಕಿತ್ತು. ಮಂಗಳದ ವಾಯುಮಂಡಲದ ಒತ್ತಡ ನಮ್ಮದರ ನೂರನೆಯ ಒಂದು ಪಾಲಿಗಿಂತಲೂ ಕಡಿಮೆ. ಇರುವಷ್ಟು ಗಾಳಿಯಲ್ಲಿ ಶೇಕಡಾ 95 ಭಾಗ ಇಂಗಾಲದ ಡೈಆಕ್ಸೈಡ್. ಅದರಿಂದ ಆಮ್ಲಜನಕ ತೆಗೆಯಬಹುದೇ ಎಂದು ಪರೀಕ್ಷಿಸಲು, 2021ರಲ್ಲಿ ಅಲ್ಲಿ ಇಳಿದ ಪರ್ಸಿವರೆನ್ಸ್ ರೋವರಿನಲ್ಲಿ ಮಾಕ್ಸಿ ಎಂಬ ಉಪಕರಣವನ್ನು ಕಳುಹಿಸಲಾಗಿತ್ತು. ಅದು 2023ರವರೆಗೆ ಹದಿನಾರು ಸಲ ಕೆಲಸ ಮಾಡಿ ಒಟ್ಟು 122 ಗ್ರಾಂ ಆಮ್ಲಜನಕವನ್ನು ತಯಾರಿಸಿತು. ಬೇರೊಂದು ಗ್ರಹದ ಗಾಳಿಯಿಂದ ಉಸಿರಾಡಬಲ್ಲ ಅನಿಲವನ್ನು ಪಡೆದದ್ದು ಅದೇ ಮೊದಲು, ಅದನ್ನು ಕಿರಿದೆನ್ನಲಾಗದು. ಆದರೂ ಒಬ್ಬ ಮನುಷ್ಯನಿಗೆ ದಿನಕ್ಕೆ ಸುಮಾರು 840 ಗ್ರಾಂ ಬೇಕಾಗುವುದರಿಂದ, ಆ ಎರಡು ವರ್ಷಗಳ ಉತ್ಪಾದನೆ ಒಬ್ಬರಿಗೆ ನಾಲ್ಕು ಗಂಟೆಗೂ ಸಾಲುವಷ್ಟಿರಲಿಲ್ಲ.

ಯಂತ್ರವನ್ನು ದೊಡ್ಡದು ಮಾಡಿದರೆ, ಗಿಡಮರಗಳನ್ನು ಬೆಳೆಸಿದರೆ ಕೊರತೆ ತೀರದೇ ಎಂದು ನೀವು ಕೇಳಬಹುದು. ಇದಕ್ಕೆ ಅಮೆರಿಕದ ಅರಿಜೋನದಲ್ಲಿ ನಡೆದ ಬಯೋಸ್ಫಿಯರ್ 2 ಪ್ರಯೋಗವನ್ನು ತುಸು ವಿವರವಾಗಿ ನೆನೆಯಬೇಕು. ಮೂರು ಎಕರೆಗೂ ಮಿಕ್ಕಿದ ಗಾಜಿನ ಕಟ್ಟಡದೊಳಗೆ ಪುಟ್ಟ ಕಾಡು, ಹುಲ್ಲುಗಾವಲು, ಹವಳದ ದಿಬ್ಬವುಳ್ಳ ಕಡಲು, ಬೇಸಾಯದ ನೆಲ ಎಲ್ಲವನ್ನೂ ನಿರ್ಮಿಸಿ, 1991ರ ಸೆಪ್ಟೆಂಬರಿನಲ್ಲಿ ಎಂಟು ಮಂದಿ ಎರಡು ವರ್ಷಗಳ ಮಟ್ಟಿಗೆ ಒಳಗೆ ಸೇರಿ ಬಾಗಿಲು ಮುಚ್ಚಿಕೊಂಡರು. ಕೆಲವೇ ತಿಂಗಳಲ್ಲಿ ಒಳಗಿನ ಆಮ್ಲಜನಕ ಇಳಿಯತೊಡಗಿತು. ಶೇಕಡಾ 21ರಷ್ಟಿದ್ದದ್ದು ಹದಿನಾರು ತಿಂಗಳಲ್ಲಿ ಶೇಕಡಾ 14ರ ಆಸುಪಾಸಿಗೆ ಬಂದು, ಎತ್ತರದ ಪರ್ವತವನ್ನು ಏರಿದವರಂತೆ ಅವರೆಲ್ಲ ಏದುಸಿರು ಬಿಡುವಂತಾದಾಗ ಹೊರಗಿನಿಂದ ಆಮ್ಲಜನಕವನ್ನು ತುಂಬಬೇಕಾಯಿತು. ಕಾರಣ ಯಾರೂ ಎಣಿಸದ ಕಡೆಯಿದ್ದಿತು: ಫಲವತ್ತಾಗಿರಲೆಂದು ಹಾಕಿದ ಮಣ್ಣಿನ ಸೂಕ್ಷ್ಮಜೀವಿಗಳು ಆಮ್ಲಜನಕವನ್ನು ಬಳಸಿ ಹೊರಬಿಟ್ಟ ಇಂಗಾಲದ ಡೈಆಕ್ಸೈಡ್ ಗಿಡಗಳಿಗೆ ಪೂರ್ತಿಯಾಗಿ ದಕ್ಕಲಿಲ್ಲ, ಅದರ ದೊಡ್ಡ ಪಾಲನ್ನು ಕಟ್ಟಡದ ಕಾಂಕ್ರೀಟೇ ಹೀರಿಕೊಂಡಿತು. ಇದೆಲ್ಲ ನಡೆದದ್ದು ಭೂಮಿಯ ಮೇಲೆ, ಗೋಡೆಯ ಆಚೆ ಬೇಕಾದಷ್ಟು ಗಾಳಿ ಇದ್ದಾಗ. ಮಂಗಳದಲ್ಲಿ ಇಂಥ ತಪ್ಪೆಣಿಕೆಯಾದರೆ ತೆರೆಯಲು ಕಿಟಕಿಯಿರುವುದಿಲ್ಲ.

ನನ್ನ ನಿಜವಾದ ಹಿಂಜರಿಕೆ ಇದರಿಂದಲೂ ಒಂದು ಹೆಜ್ಜೆ ಮುಂದಿದೆ. ಅಲ್ಲಿನ ಪ್ರತಿಯೊಂದು ಉಸಿರೂ ಯಾರೋ ನಡೆಸುವ ಯಂತ್ರದಿಂದ ಬರುವುದಾದರೆ, ಆ ಯಂತ್ರವನ್ನು ನಡೆಸುವವರ ಮಾತನ್ನು ಮೀರಿ ಅಲ್ಲಿ ಯಾರು ಬದುಕಿಯಾರು? ಭೂಮಿಯಲ್ಲಿ ಕೆಲಸ ಸರಿಬರದಿದ್ದರೆ ಬಿಡಬಹುದು, ಆಳುವವರ ಮೇಲೆ ಸಿಟ್ಟು ಬಂದರೆ ಬೀದಿಗಿಳಿಯಬಹುದು, ಊರು ಸಾಕಾದರೆ ಗಂಟುಮೂಟೆ ಕಟ್ಟಬಹುದು. ಅಲ್ಲಿ ಕೆಲಸ ಕೊಡುವವರು, ಮನೆ ಕೊಡುವವರು, ಗಾಳಿ ಕೊಡುವವರು ಎಲ್ಲರೂ ಒಬ್ಬರೇ ಆಗಿರುವ ಸಂಭವ ಹೆಚ್ಚು. 1967ರ ಬಾಹ್ಯಾಕಾಶ ಒಪ್ಪಂದ ಯಾವ ದೇಶವೂ ಅನ್ಯ ಗ್ರಹವನ್ನು ತನ್ನದೆನ್ನಬಾರದೆಂದು ಹೇಳುತ್ತದೆ. ಅಲ್ಲಿ ನೆಲೆಸಿದವರಿಗೆ ಯಾವ ಹಕ್ಕುಗಳಿರಬೇಕೆಂಬುದನ್ನು ಅದು ಹೇಳುವುದಿಲ್ಲ. ವಿಕಿರಣದ ಕಾಟ, ಮಣ್ಣಿನಲ್ಲಿರುವ ಪರ್ಕ್ಲೋರೇಟ್ ಎಂಬ ವಿಷಲವಣ, ಮೈನಸ್ 60 ಡಿಗ್ರಿಯ ಆಸುಪಾಸಿನ ಸರಾಸರಿ ತಾಪ, ಇವುಗಳಿಗೆಲ್ಲ ಎಂಜಿನಿಯರುಗಳು ಎಂದಾದರೂ ಪರಿಹಾರ ಕಂಡುಕೊಂಡಾರು. ಗಾಳಿಯ ಒಡೆತನಕ್ಕೆ ಪರಿಹಾರ ಅವರ ಕೈಯಲ್ಲಿಲ್ಲ.

ಪ್ರಶ್ನೆ: ಕ್ಷುದ್ರಗ್ರಹವೊಂದು ಅಪ್ಪಳಿಸಿ ಡೈನೋಸಾರ್‌ಗಳು ಅಳಿದವು. ಒಂದೇ ಗ್ರಹವನ್ನು ನಂಬಿ ಕುಳಿತರೆ ನಮಗೂ ಅದೇ ಗತಿಯಾಗದೇ?

ಉತ್ತರ: ಇದು ತಳ್ಳಿಹಾಕಬಹುದಾದ ಆತಂಕವಲ್ಲ. ಆದರೆ 6.6 ಕೋಟಿ ವರ್ಷಗಳ ಹಿಂದಿನ ಆ ಹೊಡೆತದ ಮರುದಿನವೂ ಭೂಮಿಯಲ್ಲಿ ಉಸಿರಾಡಲು ಗಾಳಿಯಿತ್ತು, ಕಡಲಲ್ಲಿ ನೀರಿತ್ತು. ಸಣ್ಣ ಸಸ್ತನಿಗಳೂ ಹಕ್ಕಿಗಳೂ ಅದನ್ನು ದಾಟಿ ಬಂದವು. ಅತ್ಯಂತ ಕೆಟ್ಟ ದಿನದ ಭೂಮಿಯೂ ಮಂಗಳಕ್ಕಿಂತ ವಾಸಯೋಗ್ಯವೇ. ಅಲ್ಲದೆ, ಔಷಧದಿಂದ ಹಿಡಿದು ಎಲೆಕ್ಟ್ರಾನಿಕ್ ಚಿಪ್ಪಿನವರೆಗೆ ಎಲ್ಲವನ್ನೂ ಭೂಮಿಯಿಂದಲೇ ತರಿಸಿಕೊಳ್ಳುವ ವಸತಿ ಭೂಮಿ ಅಳಿದ ಮೇಲೆ ಬಹುಕಾಲ ಉಳಿಯದು. ಕ್ಷುದ್ರಗ್ರಹದ ಭಯಕ್ಕೆ ಹತ್ತಿರದ ಮದ್ದೂ ಇದೆ: 2022ರ ಸೆಪ್ಟೆಂಬರಿನಲ್ಲಿ ನಾಸಾದ ಡಾರ್ಟ್ ನೌಕೆ ಡೈಮಾರ್ಫಸ್ ಎಂಬ ಪುಟ್ಟ ಕಾಯಕ್ಕೆ ಡಿಕ್ಕಿ ಹೊಡೆದು, ಅದು ತನಗಿಂತ ದೊಡ್ಡ ಕ್ಷುದ್ರಗ್ರಹವೊಂದನ್ನು ಸುತ್ತುವ ಅವಧಿಯನ್ನು ಅರ್ಧ ಗಂಟೆಗಿಂತಲೂ ಹೆಚ್ಚು ಹೊತ್ತು ತಗ್ಗಿಸಿತು. ನನ್ನ ಬಳಿ ಹಣವಿದ್ದರೆ ಮೊದಲು ಈ ಕೆಲಸಕ್ಕೆ ಕೊಟ್ಟೇನು.

ಪ್ರಶ್ನೆ: ನಾನು ವಿದ್ಯಾರ್ಥಿನಿ. ಮರಳಿ ಬರಲಾಗದಿದ್ದರೂ ಸರಿ, ಮಂಗಳಕ್ಕೆ ಹೋಗಬೇಕೆಂಬ ಆಸೆ ನನಗಿದೆ. ಮನೆಯವರು ನಗುತ್ತಾರೆ. ಈ ಆಸೆ ತಪ್ಪೇ?

ಉತ್ತರ: ತಪ್ಪಲ್ಲ ಮಗೂ, ನಗುವವರ ಮಾತಿಗೆ ಅದನ್ನು ಬಿಡಬೇಡಿ. ಅಂಟಾರ್ಕ್ಟಿಕದ ದಕ್ಷಿಣ ಧ್ರುವದ ನಿಲ್ದಾಣದಲ್ಲಿ 1957ರಿಂದ ಪ್ರತಿ ಚಳಿಗಾಲವೂ ಜನರಿದ್ದಾರೆ; ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ 2000ದ ನವೆಂಬರಿನಿಂದ ಒಂದು ದಿನವೂ ಬರಿದಾಗಿಲ್ಲ. ಅಲ್ಲಿಗೆ ಹೋದವರು ತಮ್ಮ ಪಾಳಿ ಮುಗಿಸಿ ಮನೆಗೆ ಮರಳುತ್ತಾರೆ, ಅವರ ಜಾಗಕ್ಕೆ ಇನ್ನೊಬ್ಬರು ಹೋಗುತ್ತಾರೆ. ಮಂಗಳದ ಕೆಲಸವೂ ಹೀಗೆಯೇ ನಡೆಯಲಿ, ನೀವು ಅದರಲ್ಲಿ ಒಬ್ಬರಾಗಿರಿ ಎಂದು ಮನಸಾರೆ ಹಾರೈಸುತ್ತೇನೆ. ಮರಳದ ಪ್ರಯಾಣಕ್ಕೆ ಮಾತ್ರ ಅವಸರದಿಂದ ಹೆಸರು ಬರೆಸಬೇಡಿ. 2012ರಲ್ಲಿ ಮಾರ್ಸ್ ಒನ್ ಎಂಬ ಡಚ್ ಸಂಸ್ಥೆ ಇಂಥದೇ ಯೋಜನೆಯನ್ನು ಪ್ರಕಟಿಸಿದಾಗ ಸಾವಿರಾರು ಜನ ಅರ್ಜಿ ಹಾಕಿದರು; ಯಾರನ್ನೂ ಎಲ್ಲಿಗೂ ಕಳುಹಿಸದೆ 2019ರಲ್ಲಿ ಅದರ ಕಂಪನಿ ದಿವಾಳಿಯಾಯಿತು.

ಇನ್ನೊಂದು ವಿಷಯವನ್ನು ನೀವು ಈಗಲೇ ಯೋಚಿಸುವುದು ಒಳ್ಳೆಯದು. ನಿಮ್ಮ ಬದುಕನ್ನು ಪಣಕ್ಕಿಡುವ ಹಕ್ಕು ನಿಮಗಿದೆ, ಅಲ್ಲಿ ಹುಟ್ಟುವ ಮಗುವಿನ ಪರವಾಗಿ ಒಪ್ಪಿಗೆ ಕೊಡುವವರು ಯಾರು? ಭೂಮಿಯ ಹೊರಗೆ ಇದುವರೆಗೆ ಯಾವ ಸಸ್ತನಿಯೂ ಗರ್ಭ ಧರಿಸಿ ಮರಿ ಹಾಕಿಲ್ಲ. ಇಲ್ಲಿನ ಗುರುತ್ವದ ಶೇಕಡಾ 38ರಷ್ಟೇ ಇರುವಲ್ಲಿ ಬೆಳೆದ ಮೂಳೆ ಮತ್ತು ಹೃದಯ ಮುಂದೆಂದಾದರೂ ಭೂಮಿಯ ಭಾರವನ್ನು ತಾಳದೆ ಹೋದರೆ, ತಾಯಿಗೆ ಆಯ್ಕೆಯಾಗಿದ್ದ ಸ್ಥಳ ಮಗುವಿಗೆ ಬಿಡಿಸಿಕೊಳ್ಳಲಾಗದ ನೆಲೆಯಾಗುತ್ತದೆ. ಇದಕ್ಕೆ ಉತ್ತರ ಹುಡುಕುವ ಜೀವಶಾಸ್ತ್ರವೂ ಬಾಹ್ಯಾಕಾಶ ಯಾನದ ಭಾಗವೇ, ಅದನ್ನು ಓದಲು ನೀವು ಇಂದೇ ತೊಡಗಬಹುದು.