ಕಷ್ಟಕಾಲದಲ್ಲಿ ತತ್ತ್ವಶಾಸ್ತ್ರ ಓದಿದರೆ ಸಮಾಧಾನದ ಬದಲು ಸಿಟ್ಟು ಬರುವುದೇಕೆ?

ಕೆಲಸ ಹೋಗಿದೆ, ಕೂಡಿಟ್ಟದ್ದು ಕರಗಿದೆ, ಬೇಕಾದವರು ಫೋನ್ ಎತ್ತುತ್ತಿಲ್ಲ. ಸಮಾಧಾನಕ್ಕೆಂದು ತತ್ತ್ವಶಾಸ್ತ್ರ ಹಿಡಿದರೆ ‘ಕಳೆದುಕೊಂಡದ್ದು ನಿನ್ನದಾಗಿರಲೇ ಇಲ್ಲ’ ಎಂಬಂಥ ಮಾತು ಓದಿ ಮೈ ಉರಿಯಿತು ಎಂದು ಬರೆದಿದ್ದೀರಿ. ಆ ಮಾತು ಸುಳ್ಳಲ್ಲ. ಆದರೆ ಅದು ಮೊದಲ ದಿನವೇ ಕೊಡುವ ಮದ್ದಲ್ಲ. ಹಸಿ ಗಾಯಕ್ಕೆ ಬಿದ್ದದ್ದರಿಂದ ಉರಿದಿದೆ.

ಯಾವ ಮದ್ದು ಯಾವಾಗ ಎಂಬ ಕ್ರಮವನ್ನು ಕಲಿಯಲು ನಾನು ಸೂಚಿಸುವುದು ತತ್ತ್ವಜ್ಞಾನಿ ಬೊಯೀಥಿಯಸ್‌ನನ್ನು. ಕ್ರಿ.ಶ. 510ರಲ್ಲಿ ರೋಮಿನ ಕಾನ್ಸಲ್, ಅಂದರೆ ಅಲ್ಲಿನ ಅತ್ಯುನ್ನತ ಗೌರವದ ಪದವಿಯಲ್ಲಿದ್ದವನು. 522ರಲ್ಲಿ ಅವನ ಇಬ್ಬರು ಗಂಡುಮಕ್ಕಳೂ ಒಟ್ಟಿಗೇ ಕಾನ್ಸಲ್‌ಗಳಾದರು. ಅದಾಗಿ ಹೆಚ್ಚು ಕಾಲ ಕಳೆಯುವ ಮೊದಲೇ ದೊರೆ ಥಿಯೊಡೊರಿಕ್‌ಗೆ ದ್ರೋಹ ಬಗೆದನೆಂಬ ಆರೋಪ ಹೊತ್ತು ಸೆರೆಗೆ ಬಿದ್ದ, ಮರಣದಂಡನೆಗೂ ಗುರಿಯಾದ. ಸೆರೆಯಲ್ಲಿ ಲ್ಯಾಟಿನ್‌ನಲ್ಲಿ ಬರೆದ ‘ತತ್ತ್ವಶಾಸ್ತ್ರದ ಸಾಂತ್ವನ’ ಐದು ಭಾಗಗಳ ಪುಸ್ತಕ. ಗದ್ಯ, ಪದ್ಯ ಒಂದಾದ ಮೇಲೊಂದು ಬರುತ್ತವೆ. ಅದರಲ್ಲಿ ತತ್ತ್ವಶಾಸ್ತ್ರವೇ ಹೆಂಗಸಿನ ರೂಪದಲ್ಲಿ ಬಂದು ಅವನ ಹಾಸಿಗೆಯ ಅಂಚಿನಲ್ಲಿ ಕೂರುತ್ತಾಳೆ, ವೈದ್ಯಳ ಹಾಗೆ.

ಬಂದವಳು ಮೊದಲು ಮಾಡುವ ಕೆಲಸ, ಅವನ ಬಳಿ ನಿಂತು ಶೋಕಗೀತೆ ಬರೆಸುತ್ತಿದ್ದ ಕಾವ್ಯದೇವತೆಯರನ್ನು ಓಡಿಸುವುದು. ಹಾಗೆಂದು ಅಳಬೇಡ ಎನ್ನುವುದಿಲ್ಲ. ವೈದ್ಯರು ಬೇಕಾದರೆ ಗಾಯ ತೋರಿಸು ಎನ್ನುತ್ತಾಳೆ. ಅವನು ತನಗಾದ ಅನ್ಯಾಯವನ್ನು ಉದ್ದಕ್ಕೂ ಹೇಳುತ್ತಾನೆ, ಅವಳು ಪೂರ್ತಿ ಕೇಳುತ್ತಾಳೆ. ಎರಡಕ್ಕೂ ಇರುವ ವ್ಯತ್ಯಾಸ ಗಮನಿಸಿ. ಯಾರು, ಯಾವಾಗ, ಏನು ಮಾಡಿದರು ಎಂದು ಒಮ್ಮೆ ಬಿಡಿಸಿ ಹೇಳುವುದು ಗಾಯ ತೋರಿಸಿದಂತೆ. ಅದನ್ನೇ ದಿನಾ ಹಾಡಿಕೊಳ್ಳುವುದು ಗಾಯ ಕೆರೆದಂತೆ.

ಆದ್ದರಿಂದ ಮೊದಲ ವಾರ ಏನೂ ಓದಬೇಡಿ, ಬರೆಯಿರಿ. ದಿನಕ್ಕೆ ಕಾಲು ಗಂಟೆ ಸಾಕು. ಹಾಳೆಯ ಎಡಗಡೆ ನಡೆದದ್ದು, ಬಲಗಡೆ ಅದರಿಂದ ನೀವು ತೆಗೆದ ತೀರ್ಮಾನ. ‘ಕೆಲಸದಿಂದ ತೆಗೆದರು’ ಎಡಕ್ಕೆ, ‘ನಾನು ಕೆಲಸಕ್ಕೆ ಬಾರದವನು’ ಬಲಕ್ಕೆ. ಎಡಗಡೆ ಹೊಸ ಸಾಲು ಬರುವುದು ನಿಂತು, ಬಲಗಡೆ ಮಾತ್ರ ನಿನ್ನೆಯ ಸಾಲುಗಳೇ ಮರಳುತ್ತಿದ್ದರೆ ಅಲ್ಲಿಗೆ ನಿಲ್ಲಿಸಿ. ಊಟ, ನಿದ್ದೆ ಕೆಟ್ಟು ವಾರಗಳೇ ಆಗಿದ್ದರೆ, ಅಥವಾ ಬದುಕೇ ಬೇಡವೆನಿಸುತ್ತಿದ್ದರೆ, ಪುಸ್ತಕ ಬದಿಗಿಟ್ಟು ಇವತ್ತೇ ವೈದ್ಯರನ್ನು ಕಾಣಿರಿ.

ದೂರು ಕೇಳಿಯಾದ ಮೇಲೂ ಅವಳು ಬಲವಾದ ಮದ್ದಿಗೆ ಕೈ ಹಾಕುವುದಿಲ್ಲ. ದುಃಖ, ಸಿಟ್ಟು ಸೇರಿ ಬಾತುಕೊಂಡಿರುವ ಜಾಗ ಮೊದಲು ಮೆತ್ತಗಾಗಲಿ ಎನ್ನುತ್ತಾಳೆ. ಎರಡನೇ ಭಾಗ ಶುರುವಾಗುವುದೇ ಈ ಮೆದು ಮದ್ದಿನಿಂದ. ಅಲ್ಲಿ ಅದೃಷ್ಟದೇವತೆಯ ಪರವಾಗಿ ಅವಳೇ ವಾದಿಸುತ್ತಾಳೆ: ತಾಯಿಯ ಹೊಟ್ಟೆಯಿಂದ ಬರಿಮೈಯಲ್ಲಿ ಬಂದವನನ್ನು ನನ್ನ ಸ್ವತ್ತಿನಿಂದ ಸಾಕಿದೆ, ಈಗ ವಾಪಸ್ ಪಡೆದೆ, ನಿನ್ನದೇನು ಕಸಿದೆ? ಚಕ್ರ ತಿರುಗಿಸುವುದೇ ನನ್ನ ಆಟ, ನಿಯಮ ಗೊತ್ತಿದ್ದೇ ಹತ್ತಿದೆಯಲ್ಲ?

ನಿಮ್ಮನ್ನು ಕೆಣಕಿದ್ದು ಇದೇ ವಾದ. ಬೊಯೀಥಿಯಸ್‌ಗೂ ಅದು ಪೂರ್ತಿ ಹಿಡಿಸಲಿಲ್ಲ. ಕೇಳುವಾಗ ಸಿಹಿಯಾಗಿದೆ, ದನಿ ನಿಂತ ಕೂಡಲೇ ಒಳಗಿನ ಭಾರ ಮತ್ತೆ ಅಮರುತ್ತದೆ ಎನ್ನುತ್ತಾನೆ. ಅವಳು ಜಗಳ ಆಡುವುದಿಲ್ಲ. ನಿಜ, ಇದಿನ್ನೂ ಚಿಕಿತ್ಸೆಯಲ್ಲ, ನೋವು ತಗ್ಗಿಸುವ ಲೇಪ ಎಂದು ಒಪ್ಪಿಕೊಳ್ಳುತ್ತಾಳೆ. ಇಡೀ ಪುಸ್ತಕದಲ್ಲಿ ನನಗೆ ಅತ್ಯಂತ ಪ್ರಾಮಾಣಿಕವೆನಿಸುವ ಜಾಗ ಇದು. ಲೇಪ ಹಚ್ಚಿಕೊಂಡು ‘ಇನ್ನೂ ವಾಸಿಯಾಗಲಿಲ್ಲ’ ಎಂದು ನಮ್ಮನ್ನೇ ಬೈದುಕೊಳ್ಳುವುದು ತಪ್ಪು.

ನಂತರ ಉಳಿದದ್ದನ್ನು ಎಣಿಸುತ್ತಾಳೆ: ಮಾವ ಸಿಮ್ಮಾಕಸ್ ಇದ್ದಾನೆ, ಹೆಂಡತಿ ಇದ್ದಾಳೆ, ಮಕ್ಕಳಿದ್ದಾರೆ. ನೀವೂ ಎಣಿಸಿ, ಆದರೆ ಇಲ್ಲೇ ನಿಲ್ಲಬೇಡಿ. ಬೊಯೀಥಿಯಸ್ ಸತ್ತು ಹೆಚ್ಚು ಕಾಲ ಕಳೆಯುವ ಮೊದಲೇ ಥಿಯೊಡೊರಿಕ್ ಆ ಸಿಮ್ಮಾಕಸ್‌ನನ್ನೂ ಕೊಲ್ಲಿಸಿದ. ಉಳಿದದ್ದೂ ಹೋಗಬಹುದಾದ್ದೇ. ಪಟ್ಟಿ ಕೈಯಲ್ಲಿ ಹಿಡಿದ ಅನೇಕರಿಗೆ ಹೊಸ ಭಯ ಹುಟ್ಟುವುದು ಇದೇ ಕಾರಣಕ್ಕೆ.

ನಿಜವಾದ ಚಿಕಿತ್ಸೆ ಮೂರನೇ ಭಾಗದಲ್ಲಿದೆ. ಸಂಪತ್ತು, ಪದವಿ, ಅಧಿಕಾರ, ಕೀರ್ತಿ, ಸುಖ ಈ ಐದನ್ನೂ ಒಂದೊಂದಾಗಿ ಹಿಡಿದು, ಇದರಿಂದ ಬಯಸಿದ್ದೇನು, ಸಿಕ್ಕಿತೇ ಎಂದು ಪರೀಕ್ಷೆ ಮಾಡುತ್ತಾಳೆ. ದುಡ್ಡಿನ ವಿಷಯ ನೋಡಿ. ನೀನು ಸಿರಿವಂತನಾಗಿದ್ದಾಗ ಯಾವ ಚಿಂತೆಯೂ ಕಾಡಲಿಲ್ಲವೇ ಎಂದು ಕೇಳುತ್ತಾಳೆ. ಚಿಂತೆಯಿಲ್ಲದ ಕಾಲ ಯಾವುದೂ ನೆನಪಿಗೆ ಬರುತ್ತಿಲ್ಲ ಎನ್ನುತ್ತಾನೆ. ಅಂದರೆ ದುಡ್ಡಿನಿಂದ ಬೇಕಿದ್ದದ್ದು ಕೊರತೆಯಿಲ್ಲದ ನೆಮ್ಮದಿ. ಅದು ದುಡ್ಡಿದ್ದಾಗಲೂ ಸಿಕ್ಕಿರಲಿಲ್ಲ. ಕಳೆದುಹೋದ ಪ್ರತಿಯೊಂದರ ಮುಂದೆಯೂ ಇದೇ ಎರಡು ಪ್ರಶ್ನೆ ಬರೆದು ಉತ್ತರಿಸಿ, ದಿನಕ್ಕೊಂದರಂತೆ. ‘ಮನೆಯ ಬಾಡಿಗೆ ಕಟ್ಟುತ್ತಿತ್ತು, ಅದು ಸಿಕ್ಕಿತ್ತು’ ಎಂದು ಉತ್ತರ ಬಂದರೆ ಹಾಗೇ ಬರೆಯಿರಿ. ಅದು ನಿಜವಾದ ನಷ್ಟ. ಅದಕ್ಕೆ ತತ್ತ್ವವಲ್ಲ, ಹೊಸ ಸಂಪಾದನೆ ಬೇಕು. ‘ನಾಲ್ಕು ಜನ ಗೌರವ ಕೊಡುತ್ತಿದ್ದರು’ ಎಂಬಲ್ಲಿ ಮಾತ್ರ ಪ್ರಶ್ನೆಯನ್ನು ಇನ್ನೂ ಆಳಕ್ಕೆ ಇಳಿಸಿ: ಆ ಗೌರವ ನಿಮಗೋ, ಕುರ್ಚಿಗೋ?

ಕೆಟ್ಟವರು ಚೆನ್ನಾಗಿರುವುದೇಕೆ ಎಂಬುದು ನಾಲ್ಕನೇ ಭಾಗ, ದೇವರಿಗೆ ಮುಂದಿನದೆಲ್ಲ ಗೊತ್ತಿದ್ದರೆ ನಮ್ಮ ಇಚ್ಛೆ ಸ್ವತಂತ್ರವೇ ಎಂಬುದು ಐದನೆಯದು. ಐದನೆಯದನ್ನು ಈಗ ಮುಟ್ಟಬೇಡಿ, ದಣಿದ ಮನಸ್ಸಿಗೆ ಆ ತರ್ಕ ಹಿಡಿಯುವುದಿಲ್ಲ.

ಫೋನ್ ಎತ್ತದ ಗೆಳೆಯರ ಮಾತಿಗೆ ಉತ್ತರ ಎರಡನೇ ಭಾಗದ ಕೊನೆಯಲ್ಲಿದೆ. ಒಳ್ಳೆಯ ಅದೃಷ್ಟ ಮೋಸ ಮಾಡುತ್ತದೆ, ಕೆಟ್ಟದ್ದು ನಿಜವಾದ ಗೆಳೆಯರು ಯಾರೆಂದು ತೋರಿಸುತ್ತದೆ, ಅದೃಷ್ಟ ಕೈಬಿಟ್ಟು ಹೋಗುವಾಗ ತನ್ನವರನ್ನು ಕರೆದುಕೊಂಡು ನಿಮ್ಮವರನ್ನು ಬಿಟ್ಟುಹೋಗುತ್ತದೆ ಎಂಬ ಅರ್ಥದ ಮಾತು ಅದು. ಅದನ್ನು ಓದಿದ ದಿನ, ಎತ್ತದವರ ಪಟ್ಟಿಯ ಬದಲು ಎತ್ತಿದವರ ಹೆಸರು ಬರೆದು, ಅವರಲ್ಲಿ ಒಬ್ಬರಿಗೆ ಫೋನ್ ಮಾಡಿ.