ಟೆಕ್ಸಾಸಿನಲ್ಲಿ ಆದಾಯ ತೆರಿಗೆ ಇಲ್ಲ, ನಿಜ, ಆದರೆ

ಅರಿಜೋನದಲ್ಲಿ ಎಂ.ಎಸ್. ಮುಗಿಸಿರುವ ನಿಮಗೆ ಟೆಕ್ಸಾಸಿನ ಆಸ್ಟಿನ್‌ನಿಂದ ಒಂದು, ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆಯಿಂದ ಒಂದು ಕೆಲಸದ ಕರೆ ಬಂದಿರುವುದನ್ನೂ, ಸ್ಯಾನ್ ಹೋಸೆಯ ಸಂಬಳ ಹೆಚ್ಚಿದ್ದರೂ ಟೆಕ್ಸಾಸಿನಲ್ಲಿ ರಾಜ್ಯದ ಆದಾಯ ತೆರಿಗೆಯೇ ಇಲ್ಲವೆಂದು ಕೇಳಿ ಮನಸ್ಸು ಆ ಕಡೆಗೆ ವಾಲುತ್ತಿರುವುದನ್ನೂ ಬರೆದಿದ್ದೀರಿ. ಬಂದ ಕೂಡಲೇ ಮನೆ ಕೊಳ್ಳಬಹುದೇ, ಊರಿನ ಬ್ಯಾಂಕಿನಲ್ಲಿರುವ ಠೇವಣಿಯ ಬಡ್ಡಿಗೆ ತೆರಿಗೆ ಉಂಟೇ, ಕಾರನ್ನು ಏನು ಮಾಡುವುದು ಎಂದೂ ಕೇಳಿದ್ದೀರಿ. ಎರಡೂ ರಾಜ್ಯಗಳಲ್ಲಿ ಸಂಸಾರ ಮಾಡಿದವನಾದ್ದರಿಂದ ನನಗೆ ತಿಳಿದಷ್ಟು ಬರೆಯುತ್ತೇನೆ.

2003ರಲ್ಲಿ ನಾನು ಕ್ಯಾಲಿಫೋರ್ನಿಯದ ಸನಿವೇಲ್‌ನಲ್ಲಿ ಕೆಲಸಕ್ಕೆ ಸೇರಿದಾಗ ಮೊದಲ ಸಂಬಳದ ಚೀಟಿಯನ್ನು ನಾವು ಮೂವರು ಗೆಳೆಯರು ನೆಲದ ಮೇಲೆ ಹರಡಿಕೊಂಡು, ಡಾಲರನ್ನು ರೂಪಾಯಿಗೆ ಗುಣಿಸುತ್ತಾ, ಕಡಿತದ ಒಂದೊಂದು ಸಾಲನ್ನೂ ಓದಿದ್ದೆವು. ಕೇಂದ್ರದ ತೆರಿಗೆ, ಸೋಷಿಯಲ್ ಸೆಕ್ಯುರಿಟಿ ಎಂಬ ಪಿಂಚಣಿ ನಿಧಿಯ 6.2%, ಮೆಡಿಕೇರ್ ಎಂಬ ವೃದ್ಧರ ಆರೋಗ್ಯ ವಿಮೆಯ 1.45% ಎಲ್ಲಿ ಹೋದರೂ ಒಂದೇ. (ನೀವು ಇನ್ನೂ ಎಫ್-1 ವಿದ್ಯಾರ್ಥಿ ವೀಸಾದಲ್ಲಿದ್ದು, ಬಂದು ಐದು ಕ್ಯಾಲೆಂಡರ್ ವರ್ಷ ದಾಟಿರದಿದ್ದರೆ ಕೊನೆಯ ಎರಡು ನಿಮಗೆ ಬರುವುದಿಲ್ಲ, ಕಂಪನಿಯವರು ತಪ್ಪಿ ಹಿಡಿದರೆ ಕೇಳಿ ಹಿಂದಕ್ಕೆ ಪಡೆಯಿರಿ.) ಅದರ ಕೆಳಗೆ ಕ್ಯಾಲಿಫೋರ್ನಿಯದ ಹೆಸರಿನಲ್ಲಿ ಎರಡು ಸಾಲು ಹೆಚ್ಚಿಗೆ ಇದ್ದವು. ಟೆಕ್ಸಾಸಿನ ಚೀಟಿಯಲ್ಲಿ ಆ ಎರಡು ಸಾಲುಗಳಿರುವುದಿಲ್ಲ. ನಿಮ್ಮನ್ನು ಸೆಳೆಯುತ್ತಿರುವುದು ಅದೇ.

ಕ್ಯಾಲಿಫೋರ್ನಿಯದ ತೆರಿಗೆ 13.3% ಎಂದು ಎಲ್ಲರೂ ಹೆದರಿಸುತ್ತಾರೆ. ಆ ದರ ಹತ್ತು ಲಕ್ಷ ಡಾಲರಿಗಿಂತ ಮೇಲಿನ ಆದಾಯಕ್ಕೆ ಮಾತ್ರ. 1 ಲಕ್ಷ 20 ಸಾವಿರ ಡಾಲರ್ ಸಂಬಳದ ಒಂಟಿ ವ್ಯಕ್ತಿಗೆ ರಾಜ್ಯದ ಆದಾಯ ತೆರಿಗೆ ಸುಮಾರು 7 ಸಾವಿರ ಡಾಲರ್ ಆಗುತ್ತದೆ. ಅದರ ಮೇಲೆ ಅನಾರೋಗ್ಯ, ಅಂಗವೈಕಲ್ಯದ ವಿಮೆಗೆಂದು ಎಸ್‌ಡಿಐ ಎಂಬ ಸಣ್ಣ ಕಡಿತವೊಂದಿದೆ, ಇಷ್ಟು ಸಂಬಳದವರೆಗೆ ಮಾತ್ರ ಎಂದಿದ್ದ ಅದರ ಮಿತಿಯನ್ನೂ 2024ರಿಂದ ತೆಗೆದುಹಾಕಿದ್ದಾರೆ. ನೀವಿರುವ ಅರಿಜೋನದಲ್ಲಿ 2023ರಿಂದ ಎಲ್ಲರಿಗೂ 2.5% ಒಂದೇ ದರ. ಟೆಕ್ಸಾಸ್ 2019ರಲ್ಲಿ ತನ್ನ ಸಂವಿಧಾನವನ್ನೇ ತಿದ್ದಿ ವ್ಯಕ್ತಿಗಳ ಮೇಲೆ ಆದಾಯ ತೆರಿಗೆ ಹಾಕುವುದನ್ನು ನಿಷೇಧಿಸಿತು. ಮಾರಾಟ ತೆರಿಗೆಯಲ್ಲಿ ಎರಡಕ್ಕೂ ಅಂಥ ಅಂತರವಿಲ್ಲ: ಆಸ್ಟಿನ್‌ನಲ್ಲಿ 8.25%, ಸ್ಯಾನ್ ಹೋಸೆಯಲ್ಲಿ 9%ಕ್ಕಿಂತ ಹೆಚ್ಚು. ಅಕ್ಕಿ, ಬೇಳೆ, ತರಕಾರಿಗೆ ಎರಡು ಕಡೆಯೂ ಇಲ್ಲ. ಪೆಟ್ರೋಲಿನ ಮೇಲೆ ಟೆಕ್ಸಾಸ್ 1991ರಿಂದಲೂ ಗ್ಯಾಲನ್‌ಗೆ 20 ಸೆಂಟ್ ಪಡೆಯುತ್ತಿದೆ, ಕ್ಯಾಲಿಫೋರ್ನಿಯದಲ್ಲಿ ಅದು 60 ಸೆಂಟ್ ದಾಟಿದೆ.

ಇಷ್ಟನ್ನೇ ನೋಡಿದರೆ ಟೆಕ್ಸಾಸ್ ಗೆದ್ದಂತೆ. ಆದರೆ ಶಾಲೆ, ರಸ್ತೆ, ಅಗ್ನಿಶಾಮಕ ದಳಗಳಿಗೆ ಹಣ ಎಲ್ಲಿಂದಲಾದರೂ ಬರಲೇಬೇಕಲ್ಲ. ನಾನಿರುವ ಟೆಕ್ಸಾಸಿನಲ್ಲಿ ಅದು ಮನೆಯ ಮೇಲಿನ ತೆರಿಗೆಯಿಂದ ಬರುತ್ತದೆ. ನಮ್ಮೂರಿನ ಪುರಸಭೆಗೆ ವರ್ಷಕ್ಕೊಮ್ಮೆ ಕಟ್ಟಿ ರಸೀದಿಯನ್ನು ಫೈಲಿಗೆ ಸೇರಿಸುವ ಮನೆ ಕಂದಾಯವನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿನ ಆಸ್ತಿ ತೆರಿಗೆಯನ್ನು ಅಳೆಯಬೇಡಿ. ಕೌಂಟಿ, ನಗರ, ಶಾಲಾ ಜಿಲ್ಲೆ, ಸಮುದಾಯ ಕಾಲೇಜು ಇವೆಲ್ಲ ಬೇರೆಬೇರೆಯಾಗಿ ದರ ಹಾಕುತ್ತವೆ. ಹೊಸ ಬಡಾವಣೆಯಾದರೆ ನೀರು, ಚರಂಡಿಗಾಗಿ ಎತ್ತಿದ ಸಾಲವನ್ನು ತೀರಿಸಲು ‘ಮಡ್’ ಎಂದು ಕರೆಯುವ ಯುಟಿಲಿಟಿ ಡಿಸ್ಟ್ರಿಕ್ಟಿನದೂ ಸೇರಿಕೊಳ್ಳುತ್ತದೆ. ಎಲ್ಲ ಕೂಡಿ ಮನೆಯ ಬೆಲೆಯ 2%ರ ಆಸುಪಾಸಿಗೆ ಬರುವುದು ಅಪರೂಪವಲ್ಲ. 4 ಲಕ್ಷ ಡಾಲರಿನ ಮನೆಗೆ ವಿನಾಯಿತಿ ಕಳೆಯುವ ಮುಂಚೆ 8 ಸಾವಿರ ಡಾಲರ್. ಕ್ಯಾಲಿಫೋರ್ನಿಯದ ಆದಾಯ ತೆರಿಗೆ ಕಟ್ಟದೆ ಉಳಿಸಿದ ಹಣ ಅಲ್ಲಿಗೆ ಮುಗಿಯಿತು. ಕ್ಯಾಲಿಫೋರ್ನಿಯದಲ್ಲಿ 1978ರ ಪ್ರಾಪೊಸಿಷನ್ 13 ಎಂಬ ಕಾನೂನಿನ ಪ್ರಕಾರ ಮೂಲ ದರ ಕೊಂಡ ಬೆಲೆಯ 1%, ತೆರಿಗೆಗೆ ಹಿಡಿಯುವ ಮೌಲ್ಯ ವರ್ಷಕ್ಕೆ 2%ಗಿಂತ ಹೆಚ್ಚು ಏರುವಂತಿಲ್ಲ. ಸ್ಯಾನ್ ಹೋಸೆಯಲ್ಲಿ ಮನೆಯ ಬೆಲೆಯೇ ಹತ್ತು ಲಕ್ಷ ದಾಟುವುದರಿಂದ ಡಾಲರ್ ಲೆಕ್ಕದಲ್ಲಿ ಅದೇನೂ ಅಗ್ಗವಲ್ಲ, ಆದರೆ ಹತ್ತು ವರ್ಷದ ನಂತರ ಎಷ್ಟಾಗಬಹುದೆಂದು ಇಂದೇ ಹೇಳಬಹುದು. ಟೆಕ್ಸಾಸಿನಲ್ಲಿ ವಾಸದ ಮನೆಗೂ ಆ ಮಿತಿ 10%.

ನಾವು ಆಸ್ಟಿನ್‌ನ ಉತ್ತರಕ್ಕಿರುವ ಹೊಸ ಬಡಾವಣೆಯೊಂದರಲ್ಲಿ 2007ರ ಬೇಸಿಗೆಯಲ್ಲಿ ಗೃಹಪ್ರವೇಶ ಮಾಡಿದೆವು. ಇಲ್ಲಿ ತೆರಿಗೆಯ ಮೌಲ್ಯವನ್ನು ಜನವರಿ 1ರಂದು ಇದ್ದ ಸ್ಥಿತಿಯ ಮೇಲೆ ನಿರ್ಧರಿಸುತ್ತಾರೆ; ಆ ದಿನ ನಮ್ಮದು ಬರಿಯ ನಿವೇಶನವಾಗಿದ್ದರಿಂದ ಮೊದಲ ವರ್ಷ ಬಂದದ್ದು ನೆಲದ ತೆರಿಗೆ ಮಾತ್ರ. 2008ರ ಬಿಲ್ಲು ಇಡೀ ಮನೆಯದು. ಅದು ಅಂಚೆಯಲ್ಲಿ ಬಂದ ತಿಂಗಳಲ್ಲೇ ನನ್ನ ಕಂಪನಿ ನಮ್ಮ ವಿಭಾಗವನ್ನು ಮುಚ್ಚಿತು. ಈಗ ಎಚ್-1ಬಿ ಎಂಬ ಕೆಲಸದ ವೀಸಾದವರಿಗೆ ಕೆಲಸ ಹೋದಾಗ ಸಿಗುವ 60 ದಿನಗಳ ಅವಕಾಶ ಆಗ ಇರಲಿಲ್ಲ. ಹೆಂಡತಿಯ ಕೆಲಸ ಉಳಿದಿದ್ದರಿಂದ ನಾನು ಎಚ್-4 ಎಂಬ ಅವಲಂಬಿತರ ವೀಸಾಕ್ಕೆ ಬದಲಾಗಿ ಇಲ್ಲೇ ನಿಲ್ಲುವಂತಾಯಿತು. ಸನಿವೇಲ್‌ನಲ್ಲಿ ಉಳಿದಿದ್ದ ಗೆಳೆಯನಿಗೂ ಅದೇ ಚಳಿಗಾಲದಲ್ಲಿ ಕೆಲಸ ಹೋಯಿತು. ಬಾಡಿಗೆ ಮನೆಯಲ್ಲಿದ್ದ ಅವನಿಗೆ ಸಂಬಳ ನಿಂತ ದಿನವೇ ರಾಜ್ಯದ ತೆರಿಗೆಯೂ ನಿಂತಿತು, ಮೊದಲು ಹಿಡಿದಿದ್ದರಲ್ಲೂ ಒಂದಿಷ್ಟು ಹಿಂದೆ ಬಂತು. (ಆ ವರ್ಷ ಕ್ಯಾಲಿಫೋರ್ನಿಯದ ಖಜಾನೆ ಬರಿದಾಗಿ ಮರುಪಾವತಿಗಳು ತಡವಾದದ್ದು ಬೇರೆ ಮಾತು.) ನನ್ನ ಬಿಲ್ಲಿನಲ್ಲಿ ಒಂದು ಸೆಂಟೂ ಕಡಿಮೆಯಾಗಲಿಲ್ಲ. ಕಟ್ಟಲು ಕೊನೆಯ ದಿನ ಜನವರಿ 31. ಫೆಬ್ರವರಿಗೆ ಹೋದರೆ ದಂಡ, ಬಡ್ಡಿ ಸೇರಿ 7% ಹೆಚ್ಚು, ಮುಂದೆ ತಿಂಗಳು ತಿಂಗಳಿಗೂ ಏರಿಕೆ.

ಆ ಫೆಬ್ರವರಿಯಲ್ಲಿ ಊರಿನಲ್ಲಿ ಅಪ್ಪನ ಷಷ್ಟ್ಯಬ್ದಿ ಇಟ್ಟುಕೊಂಡಿದ್ದರು. ವಿಮಾನದ ಟಿಕೆಟ್ಟಿಗೆಂದು ಕೂಡಿಸಿಟ್ಟಿದ್ದ ಹಣ ಕೌಂಟಿಯ ಕಚೇರಿಗೆ ಹೋಯಿತು. ವೀಸಾ ಬದಲಾವಣೆಯ ನಡುವೆ ಹೊರಡುವುದು ಬೇಡವೆಂದು ಅಪ್ಪನಿಗೆ ಹೇಳಿದೆ, ಅದೂ ಸುಳ್ಳಲ್ಲ. ಹಿರಿಯ ಮಗನ ಜಾಗದಲ್ಲಿ ತಮ್ಮ ಕುಳಿತ. ಫೋಟೋದಲ್ಲಿ ಅಪ್ಪ ಅಮ್ಮ ಹಾರ ಹಾಕಿಕೊಂಡು ಮಣೆಯ ಮೇಲಿದ್ದಾರೆ, ಪಕ್ಕದಲ್ಲಿ ತಮ್ಮನ ಹೆಂಡತಿ ಕಲಶ ಹಿಡಿದಿದ್ದಾಳೆ. ಮರುವರ್ಷ ಕೆಲಸ ಸಿಕ್ಕಿತು, ಮನೆಯೂ ಉಳಿಯಿತು, ಇಂದು ಅದರ ಬೆಲೆ ಕೇಳಿದರೆ ನನಗೇ ಹೆಮ್ಮೆಯಾಗುತ್ತದೆ. ಆದರೂ ಆ ಕೊರಗು ಹೋಗಿಲ್ಲ. ಆದ್ದರಿಂದಲೇ ತೆರಿಗೆಯ ದರಕ್ಕಿಂತ, ಸಂಬಳ ನಿಂತ ತಿಂಗಳಲ್ಲಿ ಯಾವ ತೆರಿಗೆ ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಎಂಬುದನ್ನು ಮೊದಲು ನೋಡಿ ಎಂದು ನಾನು ಹೇಳುವುದು. ವೀಸಾದ ಮೇಲಿರುವವರಿಗೆ ಈ ಪ್ರಶ್ನೆ ಇಲ್ಲಿಯ ಪ್ರಜೆಗಳಿಗಿಂತ ದೊಡ್ಡದು.

ಹಾಗಾಗಿ ಸಂಬಳದ ಅಂತರ ಕಡಿಮೆಯಿದ್ದರೆ ಆಸ್ಟಿನ್‌ಗೆ ಬನ್ನಿ, ಆದರೆ ಬಾಡಿಗೆಗಿರಿ. ಮನೆಯ ಮಾಲೀಕ ತನ್ನ ತೆರಿಗೆಯನ್ನು ಬಾಡಿಗೆಯಲ್ಲಿ ಸೇರಿಸಿಯೇ ಇರುತ್ತಾನೆ, ಆದರೆ ಕಷ್ಟ ಬಂದರೆ ನೀವು ಚಿಕ್ಕ ಮನೆಗೆ ಹೋಗಬಹುದು. ಮುಂದೆ ಕೊಳ್ಳುವಾಗ ಮಾರುವವರು ತೋರಿಸುವ ಹಿಂದಿನ ವರ್ಷದ ಬಿಲ್ಲನ್ನು ನಂಬದೆ, ಇಡೀ ಮನೆಯ ಬೆಲೆಯ ಮೇಲೆ ದರ ಹಾಕಿ ನೋಡಿ. ಸ್ವಂತ ವಾಸದ ಮನೆಗೆ ಸಿಗುವ ಹೋಮ್‌ಸ್ಟೆಡ್ ವಿನಾಯಿತಿಗೆ ಅರ್ಜಿ ಹಾಕಲು ಪೌರತ್ವ ಬೇಕಿಲ್ಲ, ಆ ವಿಳಾಸದ ಡ್ರೈವಿಂಗ್ ಲೈಸೆನ್ಸ್ ಸಾಕು. ಅದು ಉಚಿತ, ಹಣ ಕೇಳಿ ಬರುವ ಕಾಗದಗಳನ್ನು ಹರಿದುಹಾಕಿ. ನಮ್ಮ ಕಾಲದಲ್ಲಿ ಶಾಲಾ ತೆರಿಗೆಗೆ 15 ಸಾವಿರ ಡಾಲರ್ ಮಾತ್ರ ವಿನಾಯಿತಿ ಇತ್ತು. 2023ರಲ್ಲಿ 1 ಲಕ್ಷ, 2025ರಿಂದ 1 ಲಕ್ಷ 40 ಸಾವಿರ ಆಗಿದೆ. ವಸಂತದಲ್ಲಿ ಮೌಲ್ಯದ ನೋಟಿಸು ಬಂದಾಗ ಸಾಮಾನ್ಯವಾಗಿ ಮೇ 15ರೊಳಗೆ ಆಕ್ಷೇಪಣೆ ಸಲ್ಲಿಸಬೇಕು. ಗೋಡೆಯ ಬಿರುಕಿನ ಫೋಟೋ, ಅದೇ ಬೀದಿಯ ಅದೇ ಅಳತೆಯ ಮನೆಗಳಿಗೆ ಹಾಕಿದ ಮೌಲ್ಯ, ಇವೆರಡನ್ನು ಹಿಡಿದು ಹೋದರೆ ಮೇಜಿನಾಚೆ ಕುಳಿತವರು ತುಸುವಾದರೂ ಇಳಿಸುತ್ತಾರೆ. ಚೌಕಾಸಿ ನಮಗೇನು ಹೊಸದೇ?

ಊರಿನ ಠೇವಣಿಯ ಬಡ್ಡಿಯನ್ನು, ಇಲ್ಲಿಯ ತೆರಿಗೆ ಲೆಕ್ಕದಲ್ಲಿ ನೀವು ನಿವಾಸಿಯಾದ ವರ್ಷದಿಂದ, ಕೇಂದ್ರದ ರಿಟರ್ನ್‌ನಲ್ಲಿ ತೋರಿಸಲೇಬೇಕು; ಭಾರತದಲ್ಲಿ ಕಟ್ಟಿದ ತೆರಿಗೆಗೆ ಅಲ್ಲಿ ರಿಯಾಯಿತಿ ಉಂಟು. ಕ್ಯಾಲಿಫೋರ್ನಿಯ ಆ ರಿಯಾಯಿತಿಯನ್ನೂ ಕೊಡುವುದಿಲ್ಲ, ಭಾರತದೊಂದಿಗಿನ ತೆರಿಗೆ ಒಪ್ಪಂದವನ್ನೂ ಮಾನ್ಯ ಮಾಡುವುದಿಲ್ಲ. ಟೆಕ್ಸಾಸ್ ಕೇಳುವುದೇ ಇಲ್ಲ. ಸ್ಯಾನ್ ಹೋಸೆಗೇ ಹೋಗಿ ಕಂಪನಿಯ ಷೇರು ಪಡೆದರೆ, ಮುಂದೆ ಆ ರಾಜ್ಯ ಬಿಟ್ಟ ಮೇಲೂ ಅಲ್ಲಿ ದುಡಿದ ದಿನಗಳ ಪಾಲಿಗೆ ಅವರು ತೆರಿಗೆ ಕೇಳುತ್ತಾರೆಂಬುದು ನೆನಪಿರಲಿ. ವರ್ಷದ ನಡುವೆ ಊರು ಬದಲಿಸುವುದರಿಂದ ಅರಿಜೋನಕ್ಕೆ ಅರ್ಧ ವರ್ಷದ ರಿಟರ್ನ್ ಬೇರೆ ಸಲ್ಲಿಸಬೇಕಾಗುತ್ತದೆ.

ಕಾರನ್ನು ಮಾರಬೇಡಿ, ಓಡಿಸಿಕೊಂಡೇ ಬನ್ನಿ. ಹೊಸ ನಿವಾಸಿ ತಂದ ಕಾರಿಗೆ ಟೆಕ್ಸಾಸ್ ಪಡೆಯುವುದು 90 ಡಾಲರ್ ಮಾತ್ರ. ನೋಂದಣಿ ಶುಲ್ಕ ಬೇರೆ. ಮೂವತ್ತು ದಿನಗಳೊಳಗೆ ನೋಂದಣಿ, ತೊಂಬತ್ತು ದಿನಗಳೊಳಗೆ ಲೈಸೆನ್ಸ್ ಮಾಡಿಸಿಕೊಳ್ಳಿ.