ಓದುಗರ ಪ್ರಶ್ನೆ, ನಮ್ಮ ಉತ್ತರ: ಕಿರುತೆರೆಯ ಮಕ್ಕಳು ದೊಡ್ಡವರಾದ ಮೇಲೆ

ಕಳೆದ ಸಂಚಿಕೆಯಲ್ಲಿ ಬಾಲನಟರ ಕುರಿತು ಪ್ರಕಟವಾದ ಟಿಪ್ಪಣಿಗೆ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದಲೇ ಹೆಚ್ಚು ಪತ್ರಗಳು ಬಂದಿವೆ. ಕೆಲವರು ಹೆಸರು ಹಾಕಬಾರದೆಂದು ಕೋರಿರುವುದರಿಂದ ಎಲ್ಲರದೂ ಊರಷ್ಟನ್ನೇ ಕೊಟ್ಟಿದ್ದೇವೆ.

ಪ್ರಶ್ನೆ: 'ಮಾಲ್ಗುಡಿ ಡೇಸ್' ಧಾರಾವಾಹಿಯಲ್ಲಿ ಸ್ವಾಮಿಯ ಪಾತ್ರ ಮಾಡಿದ ಹುಡುಗ ಮುಂದೆ ಏನಾದರು? ಅಷ್ಟು ಪ್ರತಿಭೆಯಿದ್ದವರು ನಟನೆ ಬಿಟ್ಟದ್ದು ನಷ್ಟವೆಂದು ನನಗೆ ಇಂದಿಗೂ ಅನ್ನಿಸುತ್ತದೆ.
— ನಿವೃತ್ತ ಶಿಕ್ಷಕರು, ಗಂಗಾವತಿ

ಉತ್ತರ: ಗುರುಗಳೇ, ತಮ್ಮ ಸೀಮೆಗೂ ಟಿ.ವಿ.ಗೂ ಇರುವ ನಂಟು ಬೆಂಗಳೂರಿಗಿಂತ ಹಳೆಯದು. 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ ಉಪಗ್ರಹದ ಮೂಲಕ ಹಳ್ಳಿಗಳಿಗೆ ಶೈಕ್ಷಣಿಕ ಕಾರ್ಯಕ್ರಮ ತಲುಪಿಸುವ 'ಸೈಟ್' ಪ್ರಯೋಗ ನಡೆದಾಗ ದೇಶದ ಆರು ರಾಜ್ಯಗಳ 2,400 ಹಳ್ಳಿಗಳನ್ನು ಆಯ್ದುಕೊಳ್ಳಲಾಗಿತ್ತು. ಕರ್ನಾಟಕದಲ್ಲಿ ಆಯ್ಕೆಯಾದ ಜಿಲ್ಲೆಗಳು ರಾಯಚೂರು, ಗುಲಬರ್ಗಾ ಮತ್ತು ಬಿಜಾಪುರ. ಗಂಗಾವತಿ ಆಗ ರಾಯಚೂರು ಜಿಲ್ಲೆಗೇ ಸೇರಿತ್ತು. ಬೆಂಗಳೂರು ದೂರದರ್ಶನ ಕೇಂದ್ರ ಶುರುವಾದದ್ದು 1981ರಲ್ಲಿ. ಹೀಗಾಗಿ, ತೆರೆಯ ಮೇಲಿನ ಮಗುವನ್ನು ಊರಿನ ಮಕ್ಕಳೆಲ್ಲ ಒಟ್ಟಿಗೆ ಕುಳಿತು ನೋಡುವುದು ತಮ್ಮ ಭಾಗದ ಹಲವು ಹಳ್ಳಿಗಳಿಗೆ ಸ್ವಾಮಿ ಬರುವ ಮೊದಲೇ ರೂಢಿಯಾಗಿತ್ತು.

ಆ ಹುಡುಗ ಮಾಸ್ಟರ್ ಮಂಜುನಾಥ್. 1976ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅವರು ಮೂರನೆಯ ವಯಸ್ಸಿಗೇ ಕ್ಯಾಮೆರಾ ಮುಂದೆ ನಿಂತವರು. ಆರ್. ಕೆ. ನಾರಾಯಣ್ ಅವರ 1935ರ ಕಾದಂಬರಿಯ ಸ್ವಾಮಿನಾಥನನ್ನು ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಲು ಹೊರಟಾಗ ಮಂಜುನಾಥ್ ಅವರಿಗೆ ಹತ್ತು ವರ್ಷದ ಆಸುಪಾಸು. ತಂದೆಯ ಪಾತ್ರದಲ್ಲಿ ಗಿರೀಶ ಕಾರ್ನಾಡರು, ತಾಯಿಯ ಪಾತ್ರದಲ್ಲಿ ವೈಶಾಲಿ ಕಾಸರವಳ್ಳಿಯವರು ಇದ್ದರು. ತಾವು ಶಿಕ್ಷಕರಾದ್ದರಿಂದ ಮಾವಿನಹಣ್ಣಿನ ಲೆಕ್ಕದ ಸಂದರ್ಭವನ್ನು ಇಲ್ಲಿ ನೆನಪಿಸಬಹುದು. ಹತ್ತು ಹಣ್ಣಿಗೆ ಹದಿನೈದು ಆಣೆಯಾದರೆ ನಾಲ್ಕಕ್ಕೆ ಎಷ್ಟು ಎಂದು ತಂದೆ ಕೇಳುತ್ತಾರೆ. ಹಣ್ಣು ಮಾಗಿದ್ದವೋ ಇಲ್ಲವೋ ಗೊತ್ತಾಗದೆ ಬೆಲೆ ಹೇಳುವುದು ಹೇಗೆ ಎಂಬುದು ಸ್ವಾಮಿಯ ಸಂಕಟ. ಆ ಸಂಕಟವನ್ನು ನಗೆ ಬರಿಸುವುದಕ್ಕಾಗಿ ಉಬ್ಬಿಸದೆ, ಹುಡುಗನಿಗೆ ಅದು ನಿಜವಾಗಿಯೂ ದೊಡ್ಡ ತೊಡಕೆಂದು ನೋಡುವವರು ನಂಬುವಂತೆ ಅಭಿನಯಿಸುವುದು ಹತ್ತು ವರ್ಷದವರಿಗೆ ಇರಲಿ, ನುರಿತ ನಟರಿಗೂ ಸುಲಭವಲ್ಲ.

ಅದರ ನಂತರ ಅವರಿಗೆ ಅವಕಾಶಗಳ ಕೊರತೆಯೇನೂ ಇರಲಿಲ್ಲ. 1990ರಲ್ಲಿ ಬಿಡುಗಡೆಯಾದ ಹಿಂದಿಯ 'ಅಗ್ನಿಪಥ್' ಚಿತ್ರದಲ್ಲಿ ಅಮಿತಾಭ್ ಬಚ್ಚನ್ ನಿರ್ವಹಿಸಿದ ಪಾತ್ರದ ಬಾಲ್ಯವನ್ನು ಅಭಿನಯಿಸಿದವರು ಅವರೇ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ನಟನೆಯಿಂದ ಹಿಂದೆ ಸರಿಯುವ ಹೊತ್ತಿಗೆ ಅವರು 68 ಚಿತ್ರಗಳಲ್ಲಿ ಅಭಿನಯಿಸಿದ್ದರೆಂಬುದು ಸಾಮಾನ್ಯವಾಗಿ ಕೊಡಲಾಗುವ ಲೆಕ್ಕ. ಮುಂದೆ ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿಯನ್ನೂ ಛಾಯಾಗ್ರಹಣದಲ್ಲಿ ಡಿಪ್ಲೊಮಾವನ್ನೂ ಪಡೆದು, ಬೆಂಗಳೂರು–ಮೈಸೂರು ಮೂಲಸೌಕರ್ಯ ಕಾರಿಡಾರ್ ಯೋಜನೆಯಲ್ಲಿ ಸಾರ್ವಜನಿಕ ಸಂಪರ್ಕದ ಹೊಣೆ ಹೊತ್ತರು.

ಇದನ್ನು ನಷ್ಟವೆಂದು ತಾವು ಭಾವಿಸುವುದರಲ್ಲಿ ಪ್ರೀತಿಯಿದೆ. ಆದರೂ ನಾನು ಒಪ್ಪಲಾರೆ. ಪ್ರೇಕ್ಷಕರಾದ ನಮಗೆ ಒಬ್ಬ ನಟ ಕಡಿಮೆಯಾದದ್ದು ನಿಜ. ಆದರೆ ತಾನು ಆರಿಸಿಕೊಳ್ಳದ ವಯಸ್ಸಿನಲ್ಲಿ ಹಿಡಿದ ಕೆಲಸವನ್ನು, ಆರಿಸಿಕೊಳ್ಳಬಲ್ಲ ವಯಸ್ಸು ಬಂದಾಗ ಬಿಟ್ಟು ಬೇರೆ ದಾರಿ ಹಿಡಿಯಲು ಸಾಧ್ಯವಾದದ್ದೇ ಅವರ ಬದುಕಿನಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾಗುವ ಸಂಗತಿ. ಓದು ಕೈಬಿಟ್ಟಿದ್ದರೆ ಅದು ಸಾಧ್ಯವಾಗುತ್ತಿರಲಿಲ್ಲ.

ಪ್ರಶ್ನೆ: ಬಾಲ್ಯದಲ್ಲಿ ಮಿಂಚಿದವರಲ್ಲಿ ಬಹಳಷ್ಟು ಮಂದಿ ಮುಂದೆ ಕಾಣಿಸುವುದೇ ಇಲ್ಲ. ಇದಕ್ಕೆ ಕಾರಣ ಅದೃಷ್ಟವೋ ಪ್ರತಿಭೆಯ ಕೊರತೆಯೋ?
— ಓದುಗರು, ಲಿಂಗಸುಗೂರು

ಉತ್ತರ: ಎರಡೂ ಅಲ್ಲ, ಆ ಕೆಲಸದ ಸ್ವರೂಪವೇ ಹಾಗಿದೆ. ಧಾರಾವಾಹಿಯ ಕಥೆ ಒಂದು ಸೋಮವಾರ ಹತ್ತೋ ಹದಿನೈದೋ ವರ್ಷ ಮುಂದಕ್ಕೆ ಜಿಗಿಯಿತೆಂದರೆ ಅದೇ ಪಾತ್ರಕ್ಕೆ ಬೇರೆ ನಟಿ ಬರುತ್ತಾರೆ. ಅದುವರೆಗೆ ಮನೆಮನೆಯ ಮಗಳಾಗಿದ್ದ ಬಾಲಕಿಯ ಕೆಲಸ ಅಲ್ಲಿಗೆ ಮುಗಿಯುತ್ತದೆ. ಅವಳ ಅಭಿನಯದಲ್ಲಿ ಯಾವ ದೋಷವೂ ಇರುವುದಿಲ್ಲ. ಆಮೇಲೆ ಹನ್ನೆರಡರಿಂದ ಹದಿನೇಳರ ನಡುವಿನ ವಯಸ್ಸಿಗೆ ಬರೆಯಲಾಗುವ ಪಾತ್ರಗಳು ತೀರ ಕಡಿಮೆ. ಹುಡುಗರ ದನಿ ಒಡೆಯುತ್ತದೆ, ಮುಖ ಬದಲಾಗುತ್ತದೆ. 'ಬೆಟ್ಟದ ಹೂವು' ಚಿತ್ರಕ್ಕಾಗಿ ಅತ್ಯುತ್ತಮ ಬಾಲನಟ ರಾಷ್ಟ್ರಪ್ರಶಸ್ತಿ ಪಡೆದ ಪುನೀತ್ ರಾಜಕುಮಾರ್ ಅವರು ನಾಯಕನಾಗಿ 'ಅಪ್ಪು' ಚಿತ್ರದ ಮೂಲಕ ಮರಳಿದ್ದು 2002ರಲ್ಲಿ. ಬಾಲನಟನೆಗೂ ಅದಕ್ಕೂ ನಡುವೆ ಹತ್ತಕ್ಕೂ ಹೆಚ್ಚು ವರ್ಷಗಳ ಅಂತರವಿತ್ತು. ವರನಟರ ಮನೆಯ ಮಗನಿಗೇ ಅಷ್ಟು ಕಾಯಬೇಕಾಯಿತೆಂದರೆ, ಆಸರೆಯಿಲ್ಲದ ಮನೆಯ ಮಕ್ಕಳ ಪಾಡನ್ನು ತಾವೇ ಊಹಿಸಬಹುದು.

ಪ್ರಶ್ನೆ: ನನ್ನ ಮಗಳಿಗೆ ಒಂಬತ್ತು ವರ್ಷ, ನಾಲ್ಕನೇ ತರಗತಿ. ಶಾಲೆಯ ಗ್ಯಾದರಿಂಗ್‌ನಲ್ಲಿ ಅವಳು ಮಾಡಿದ ಏಕಪಾತ್ರಾಭಿನಯದ ವಿಡಿಯೊ ನೋಡಿ ಬೆಂಗಳೂರಿಗೆ ಆಡಿಷನ್‌ಗೆ ಕರೆದಿದ್ದರು. ದಿನವೂ ಪ್ರಸಾರವಾಗುವ ಧಾರಾವಾಹಿಯೊಂದಕ್ಕೆ ಆಯ್ಕೆಯಾಗಿದ್ದಾಳೆ. ಅತ್ತೆಯವರು ಬ್ಯಾಡ ಅನ್ನುತ್ತಾರೆ, ಮನೆಯವರು ನಿನ್ನಿಷ್ಟ ಅನ್ನುತ್ತಾರೆ. ನಾನು ಮಗಳ ಜೊತೆ ಬೆಂಗಳೂರಿನಲ್ಲಿ ಮನೆ ಮಾಡಬೇಕಾಗುತ್ತದೆ. ಏನು ಮಾಡಲಿ?
— ಒಬ್ಬ ತಾಯಿ, ಮಾನ್ವಿ

ಉತ್ತರ: ತಾಯೀ, ನಿಮ್ಮ ಪತ್ರದಲ್ಲಿ ಅತ್ತೆಯವರ ಮಾತಿದೆ, ಯಜಮಾನರ ಮಾತಿದೆ, ಮಗಳ ಮಾತಿಲ್ಲ. ಮೊದಲು ಅವಳನ್ನು ಕೇಳಬೇಕು. 'ಟಿ.ವಿ.ಯಲ್ಲಿ ಬರ್ತೀಯಾ' ಎಂದು ಕೇಳಿದರೆ ಯಾವ ಮಗುವೂ ಹೂಂ ಎನ್ನುತ್ತದೆ. ಅದರ ಬದಲು ಚಿತ್ರೀಕರಣದ ಮನೆಯಲ್ಲಿ ಒಂದು ದಿನ ಹೇಗೆ ಕಳೆಯುತ್ತದೆಂಬುದನ್ನು ಅವಳಿಗೆ ತೋರಿಸಿ. ಬೆಳಿಗ್ಗೆ ಬೇಗ ಹೋಗಿ ಮೇಕಪ್ ಮಾಡಿಸಿಕೊಂಡು ಕಾಯಬೇಕು. ಎರಡು ನಿಮಿಷದ ದೃಶ್ಯವನ್ನು ದೂರದಿಂದೊಮ್ಮೆ, ಹತ್ತಿರದಿಂದೊಮ್ಮೆ, ಎದುರಿನವರ ಮುಖಕ್ಕಾಗಿ ಮತ್ತೊಮ್ಮೆ ಎಂದು ಅದೇ ಅಳುವಿನೊಂದಿಗೆ ಮಾಡಬೇಕು. ಕಣ್ಣೀರು ಬಾರದಿದ್ದರೆ ಗ್ಲಿಸರಿನ್ ಹಾಕುತ್ತಾರೆ. ದಿನದ ಧಾರಾವಾಹಿಗೆ ವಾರಕ್ಕೆ ಐದಾರು ಕಂತು ಬೇಕಾಗುವುದರಿಂದ ಮಗುವಿಗೆ ನಿದ್ದೆ ಬಂತೆಂದು ಕೆಲಸ ತಾನಾಗಿಯೇ ನಿಲ್ಲುವುದಿಲ್ಲ. ನಿಲ್ಲಿಸುವ ಗಟ್ಟಿತನ ಜೊತೆಗಿರುವ ದೊಡ್ಡವರಲ್ಲಿರಬೇಕು. ಇದನ್ನೆಲ್ಲ ಕಂಡ ಮೇಲೂ ಅವಳು ಉತ್ಸಾಹದಿಂದ ಹೂಂ ಎಂದರೆ ಅದು ನಂಬಬಹುದಾದ ಒಪ್ಪಿಗೆ.

ಎರಡನೆಯದಾಗಿ ಕಾನೂನು. ಇದನ್ನು ನೀವು ಬಾಯಿಪಾಠದಷ್ಟು ಚೆನ್ನಾಗಿ ತಿಳಿದಿರಬೇಕೆಂಬುದು ನನ್ನ ಕಳಕಳಿಯ ಮನವಿ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ 14 ವರ್ಷದೊಳಗಿನ ಮಕ್ಕಳ ದುಡಿಮೆಯನ್ನು ನಿಷೇಧಿಸಿ, ಸಿನಿಮಾ, ಧಾರಾವಾಹಿ, ಜಾಹೀರಾತುಗಳಲ್ಲಿ ಕಲಾವಿದರಾಗಿ ಭಾಗವಹಿಸಲು ಷರತ್ತುಗಳೊಡನೆ ಅವಕಾಶ ಕೊಟ್ಟಿದೆ. 2017ರ ನಿಯಮಗಳ ಪ್ರಕಾರ ಮಗುವಿನಿಂದ ದಿನಕ್ಕೆ ಐದು ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ ಮೂರು ಗಂಟೆಗಿಂತ ಹೆಚ್ಚು ಕೆಲಸ ಮಾಡಿಸುವಂತಿಲ್ಲ. ಸತತವಾಗಿ 27 ದಿನಗಳಿಗಿಂತ ಹೆಚ್ಚು ಕರೆಯುವಂತಿಲ್ಲ. ಪಾಠ ತಪ್ಪದಂತೆ ಏರ್ಪಾಡು ಮಾಡಬೇಕು. ಗರಿಷ್ಠ ಐದು ಮಕ್ಕಳಿಗೆ ಒಬ್ಬರಂತೆ ಹೊಣೆಗಾರರು ಸೆಟ್‌ನಲ್ಲಿರಬೇಕು. ಮಗುವಿನ ಇಚ್ಛೆಗೆ ವಿರುದ್ಧವಾಗಿ ಏನನ್ನೂ ಮಾಡಿಸಕೂಡದು. ಚಿತ್ರೀಕರಣ ನಡೆಯುವ ಜಿಲ್ಲೆಯ ಜಿಲ್ಲಾ ದಂಡಾಧಿಕಾರಿಯವರ, ಎಂದರೆ ಜಿಲ್ಲಾಧಿಕಾರಿಯವರ, ಅನುಮತಿಯನ್ನು ನಿರ್ಮಾಪಕರೇ ಪಡೆಯಬೇಕು. ಅದರ ಅವಧಿ ಆರು ತಿಂಗಳು. ಚಿತ್ರೀಕರಣ ಬೆಂಗಳೂರಿನಲ್ಲಾದರೆ ಅನುಮತಿಯೂ ಅಲ್ಲಿಯದೇ ಆಗಿರಬೇಕು, ರಾಯಚೂರಿನದಲ್ಲ. ಆ ಪತ್ರದ ಪ್ರತಿಯನ್ನು ಕೇಳಿ ಪಡೆಯಿರಿ. ಕೇಳಿದ್ದಕ್ಕೆ ಮುಖ ಗಂಟು ಹಾಕುವವರಾದರೆ ಅವರೊಂದಿಗೆ ಮುಂದುವರಿಯಬೇಡಿ. ಪಾತ್ರ ಕೊಡಲು ನಿಮ್ಮಿಂದಲೇ ಹಣ ಕೇಳಿದರೆ ಅದು ಮೋಸ, ಅಲ್ಲಿಂದಲೇ ಹಿಂದಿರುಗಿ. ತೊಂದರೆಯೆನಿಸಿದರೆ ಹಗಲು ರಾತ್ರಿ ಎನ್ನದೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು.

ಇನ್ನು ಮನೆ ಮಾಡುವ ಮಾತು. ರಾಯಚೂರಿನಿಂದ ಬೆಂಗಳೂರಿಗೆ ಸುಮಾರು 400 ಕಿಲೋಮೀಟರ್. ವಾರಕ್ಕೊಮ್ಮೆ ಹೋಗಿಬರುತ್ತೇವೆಂಬುದು ಮಗುವಿಗೆ ಹೊರಲಾರದ ಹೊರೆ. ಹಾಗೆಂದು ಮಾನ್ವಿಯ ಶಾಲೆಯಿಂದ ಹೆಸರು ತೆಗೆಸಿ, ಇಡೀ ಸಂಸಾರವನ್ನು ಕಿತ್ತುಕೊಂಡು ಹೋಗುವುದನ್ನು ನಾನು ಒಪ್ಪುವುದಿಲ್ಲ. ತನ್ನ ಪಾತ್ರಕ್ಕಾಗಿ ಅಪ್ಪ ಅಮ್ಮ ಊರನ್ನೇ ಬಿಟ್ಟು ಬಂದಿದ್ದಾರೆಂದು ತಿಳಿದ ಮಗು 'ನನಗೆ ಸಾಕು' ಎಂದು ಬಾಯಿ ಬಿಡಲು ಹೆದರುತ್ತದೆ. ಧಾರಾವಾಹಿಯಲ್ಲಿ ಅವಳ ಪಾತ್ರ ಎಷ್ಟು ತಿಂಗಳು ನಡೆಯುತ್ತದೆಂದು ಬರಹದಲ್ಲಿ ಕೇಳಿ. ಬೇಸಿಗೆ ರಜೆಯೊಳಗೆ ಮುಗಿಯುವ ಚಿಕ್ಕ ಪಾತ್ರವಾದರೆ ಸಂತೋಷದಿಂದ ಹೋಗಿ ಬನ್ನಿ. ವರ್ಷಗಟ್ಟಲೆ ನಡೆಯುವುದಾದರೆ, ನಿಮ್ಮ ಅತ್ತೆಯವರ ಮಾತಿನಲ್ಲಿ ತೂಕವಿದೆ ಎಂದೇ ಹೇಳುತ್ತೇನೆ.

ಪ್ರಶ್ನೆ: ಮೊಮ್ಮಗ ಜಾಹೀರಾತು, ಧಾರಾವಾಹಿಗಳಿಂದ ಒಂದಷ್ಟು ಗಳಿಸಿದ್ದಾನೆ. ಆ ದುಡ್ಡಿನಲ್ಲಿ ಸಾಲ ತೀರಿಸೋಣ ಎಂದು ಮಗ ಹೇಳುತ್ತಾನೆ. ನನಗೆ ಮನಸ್ಸು ಒಪ್ಪುತ್ತಿಲ್ಲ.
— ಒಬ್ಬ ಹಿರಿಯರು, ಕುಷ್ಟಗಿ

ಉತ್ತರ: ನಿಮ್ಮ ಮನಸ್ಸು ಹೇಳುವುದೇ ಸರಿ. ಮೊದಲೇ ಹೇಳಿದ ನಿಯಮಗಳ ಪ್ರಕಾರ ಮಗುವಿನ ಗಳಿಕೆಯಲ್ಲಿ ಕನಿಷ್ಠ ಶೇ 20ರಷ್ಟನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿನ ನಿಶ್ಚಿತ ಠೇವಣಿಗೆ ನೇರವಾಗಿ ಕಟ್ಟಬೇಕು. ಪ್ರಾಯಕ್ಕೆ ಬಂದ ಮೇಲೆ ಅದು ಅವನದು. ಇಂಥ ನಿಯಮದ ಹಿಂದೆ ಹಳೆಯ ನೋವಿನ ಕಥೆಯೊಂದಿದೆ. 1921ರಲ್ಲಿ ಚಾಪ್ಲಿನ್ ಅವರೊಂದಿಗೆ 'ದಿ ಕಿಡ್' ಚಿತ್ರದಲ್ಲಿ ಅಭಿನಯಿಸಿ ಜಗತ್ತಿಗೇ ಪರಿಚಿತನಾದ ಜಾಕಿ ಕೂಗನ್, ಪ್ರಾಯಕ್ಕೆ ಬಂದು ನೋಡಿದಾಗ ತಾಯಿ ಮತ್ತು ಮಲತಂದೆ ಗಳಿಕೆಯ ಬಹುಪಾಲನ್ನು ಖರ್ಚು ಮಾಡಿದ್ದರು. ಆತ 1938ರಲ್ಲಿ ನ್ಯಾಯಾಲಯಕ್ಕೆ ಹೋದ, ದೊರೆತದ್ದು ಅಲ್ಪ. ಮರುವರ್ಷ ಕ್ಯಾಲಿಫೋರ್ನಿಯಾದಲ್ಲಿ ಅವನ ಹೆಸರಿನಲ್ಲೇ ಗುರುತಿಸಲಾಗುವ ಕಾನೂನು ಬಂತು.

ನಮ್ಮ ಆದಾಯ ತೆರಿಗೆ ಕಾನೂನು ಕೂಡ ಮಗು ತನ್ನ ಪ್ರತಿಭೆಯಿಂದ ಗಳಿಸಿದ್ದನ್ನು ತಂದೆತಾಯಿಯ ಆದಾಯಕ್ಕೆ ಸೇರಿಸದೆ ಮಗುವಿನದೆಂದೇ ಲೆಕ್ಕ ಹಾಕುತ್ತದೆ. ಶೇ 20 ಎಂಬುದು ಕನಿಷ್ಠ ಮಿತಿ. ಉಳಿದದ್ದರಲ್ಲಿ ಅವನ ಪ್ರಯಾಣ, ಓದು, ಆರೋಗ್ಯಕ್ಕೆ ಬೇಕಾದಷ್ಟನ್ನು ತೆಗೆದು ಮಿಕ್ಕದ್ದನ್ನೂ ಅವನ ಹೆಸರಿಗೇ ಇಡಿಸಿ. ಸಾಲ ಮಗನದು, ತೀರಿಸುವ ಹೊಣೆಯೂ ಮಗನದೇ. ಹಿರಿಯರಾಗಿ ಈ ಮಾತನ್ನು ನೀವು ಹೇಳಿದರೆ ಮನೆಯಲ್ಲಿ ನಡೆಯುತ್ತದೆ.

ಪ್ರಶ್ನೆ: ಏಳನೇ ವಯಸ್ಸಿನಿಂದ ಹನ್ನೊಂದರವರೆಗೆ ಧಾರಾವಾಹಿಯೊಂದರಲ್ಲಿ ಅಭಿನಯಿಸಿದೆ. ಈಗ 22. ಪಿಯುಸಿ ಮುಗಿಸಿ ಓದು ನಿಲ್ಲಿಸಿದ್ದೇನೆ. ರಾಯಲ್ ಸರ್ಕಲ್‌ನಲ್ಲಿ ನಿಂತರೆ ಜನ ಈಗಲೂ ಆ ಪಾತ್ರದ ಹೆಸರು ಹಿಡಿದೇ ಕೂಗುತ್ತಾರೆ, 'ಈಗ್ಯಾಕೆ ಬರಲ್ಲ ಟಿ.ವಿ.ಯಾಗ' ಎಂದು ಕೇಳುತ್ತಾರೆ. ಹೊರಗೆ ಹೋಗುವುದೇ ಬೇಡವಾಗಿದೆ.
— ಒಬ್ಬ ಯುವಕ, ಬಳ್ಳಾರಿ

ಉತ್ತರ: ತಮ್ಮಾ, ನಿಮ್ಮ ಪತ್ರವನ್ನು ಮತ್ತೆ ಮತ್ತೆ ಓದಿದೆ. ಹನ್ನೊಂದನೇ ವಯಸ್ಸಿಗೆ ಕೆಲಸ ಕಳೆದುಕೊಂಡಾಗ ಆಗುವ ನೋವನ್ನು ನಮ್ಮ ಮನೆಗಳಲ್ಲಿ ಯಾರೂ ನೋವೆಂದು ಗುರುತಿಸುವುದಿಲ್ಲ; 'ಇನ್ನು ಶಾಲೆಗೆ ಹೋಗು' ಎಂದಷ್ಟೇ ಹೇಳುತ್ತಾರೆ. ಅದು ನೋವೇ, ಮತ್ತು ಇಷ್ಟು ವರ್ಷ ನೀವು ಅದನ್ನು ಒಬ್ಬರೇ ಹೊತ್ತಿದ್ದೀರಿ. ಹೊರಗೆ ಹೋಗಲು ಮನಸ್ಸಾಗದಿರುವುದು ಬಹಳ ದಿನಗಳಿಂದ ಇದ್ದರೆ 14416ಕ್ಕೆ ಕರೆ ಮಾಡಿ. ಇದು ಸರ್ಕಾರದ ಟೆಲಿ ಮಾನಸ್ ಸೇವೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮೂರಿನ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮನೋವೈದ್ಯರೂ ಇದ್ದಾರೆ. ಇದನ್ನು ಮುಂದೂಡಬೇಡಿ.

ಜನ ಕೂಗುವುದು ಪ್ರೀತಿಯಿಂದಲೇ, ಆದರೆ ಆ ಪ್ರಶ್ನೆಗೆ ಉತ್ತರ ಕೊಡುವ ಸಾಲ ನಿಮ್ಮ ಮೇಲಿಲ್ಲ. 'ಈಗ ಓದ್ತಿದ್ದೀನ್ರಿ' ಎಂದು ಹೇಳುವಂತಾದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಆದ್ದರಿಂದ ಓದನ್ನು ಮತ್ತೆ ಹಿಡಿಯಿರಿ. ಪಿಯುಸಿ ಆಗಿರುವುದರಿಂದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಮೂಲಕ ಮನೆಯಲ್ಲಿದ್ದೇ ಪದವಿಗೆ ಸೇರಬಹುದು.

ನಟನೆಯ ಆಸೆ ಇನ್ನೂ ಇದೆಯೇ ಇಲ್ಲವೇ ಎಂಬುದನ್ನು ನೀವು ಬರೆದಿಲ್ಲ. ಇಲ್ಲವೆಂದಾದರೆ ಅದನ್ನು ನಿಶ್ಚಿಂತೆಯಿಂದ ಬಿಟ್ಟುಬಿಡಿ. ಬಿಡುವ ಹಕ್ಕು ನಿಮಗೆ ಪೂರ್ತಿ ಇದೆ. ಇದೆಯೆಂದಾದರೆ ಧಾರಾವಾಹಿಯ ಕರೆಗಾಗಿ ಕಾಯಬೇಡಿ. ನಿಮ್ಮೂರಿನ ಬಳ್ಳಾರಿ ರಾಘವರು (1880–1946) ವಕೀಲಿ ವೃತ್ತಿಯಲ್ಲಿದ್ದುಕೊಂಡೇ ತೆಲುಗು, ಕನ್ನಡ, ಇಂಗ್ಲಿಷ್ ರಂಗಭೂಮಿಯಲ್ಲಿ ದೊಡ್ಡ ನಟರೆನಿಸಿದವರು. ಅವರ ಹೊಟ್ಟೆಪಾಡು ಕೋರ್ಟಿನಿಂದ ನಡೆಯುತ್ತಿದ್ದುದರಿಂದ ಅವಕಾಶಕ್ಕಾಗಿ ಯಾರ ಬಾಗಿಲನ್ನೂ ಕಾಯಬೇಕಾದ ಅಗತ್ಯವಿರಲಿಲ್ಲ. ಅವರ ಹೆಸರಿನ ಕಲಾಮಂದಿರದಲ್ಲಿ ನಾಟಕವಿದ್ದ ದಿನ ಹೋಗಿ, ಮುಗಿದ ಮೇಲೆ ತಂಡದವರನ್ನು ಮಾತಾಡಿಸಿ. ಹವ್ಯಾಸಿ ತಂಡಗಳಲ್ಲಿ ತಾಲೀಮಿಗೆ ಸಮಯ ಕೊಡಬಲ್ಲ ಯುವಕರಿಗೆ ಜಾಗ ಇದ್ದೇ ಇರುತ್ತದೆ. ಶಿಸ್ತಾಗಿ ಕಲಿಯುವ ಮನಸ್ಸಿದ್ದರೆ ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ ನೀನಾಸಂ ರಂಗಶಿಕ್ಷಣ ಕೇಂದ್ರದ ಡಿಪ್ಲೊಮಾ ಇದೆ. ಅಲ್ಲಿ ದನಿ, ದೇಹ, ಬೆಳಕು, ರಂಗಸಜ್ಜಿಕೆ ಎಲ್ಲವನ್ನೂ ಕಲಿಸುತ್ತಾರೆ. ಅರ್ಜಿ ಹಾಕುವಾಗ ಧಾರಾವಾಹಿಯಲ್ಲಿ ದುಡಿದ ಆ ನಾಲ್ಕು ವರ್ಷಗಳನ್ನೂ ಬರೆಯಿರಿ. ಆ ಪಾತ್ರದ ಹೆಸರಿಗಿಂತ ಮೊದಲು ನಿಮ್ಮ ಸ್ವಂತ ಹೆಸರಿರಲಿ.